ಒಂದೂವರೆ ಇಡ್ಲಿಯ ಸಿಸ್ಟರ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದ್ದಲ್ಲಿಂದಲೇ ಬೈಯುತ್ತಾರೆ. ಪೇಷಂಟು ನರ್ಸಿನ ಹೆಸರು ನೆನಪಿಟ್ಟುಕೊಂಡಿದ್ದಾನೆ ಎಂದರೆ ಎಲ್ಲೋ ಏನೋ ತಪ್ಪಾಗಿದೆ ಎಂಬುದು ಅವರ ಗಟ್ಟಿ ನಂಬಿಕೆ. ಸರಿಯಾಗಿ ನೋಡಿಕೊಂಡವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಸೂಜಿಯನ್ನು ಎರಡು ಸಲ ಚುಚ್ಚಿದವಳ ಹೆಸರು ಮಾತ್ರ ಮನೆಮಂದಿಗೆಲ್ಲ ಗೊತ್ತಿರುತ್ತದೆ ಎನ್ನುತ್ತಿದ್ದರು. ನಾನು ಅವರನ್ನು ಸಿಸ್ಟರ್ ಎಂದು ಕರೆಯುತ್ತಿದ್ದೆ. ಅವರ ಮನೆಯ ಕೆಳಗೆ ಹೂ ಕಟ್ಟುವ ತಮಿಳಿನ ಅಕ್ಕನೂ ಹಾಗೇ ಕರೆಯುತ್ತಿದ್ದಳು. ಇಲ್ಲಿಯೂ ಸಿಸ್ಟರ್ ಎಂದೇ ಇರಲಿ.

ಅವರನ್ನು ಮೊದಲು ಕಂಡದ್ದು, ಮಲಾಯ್ ಜನರ ಈ ದೇಶದಲ್ಲಿ ನಮ್ಮ ಕಡೆಯವರ ಅಂಗಡಿಗಳೇ ತುಂಬಿರುವ ಬ್ರಿಕ್‌ಫೀಲ್ಡ್ಸಿನ ಒಂದು ದಿನಸಿ ಅಂಗಡಿಯಲ್ಲಿ. ಇಡ್ಲಿ ಅಕ್ಕಿಯ ಮೂಟೆಗಳ ಮುಂದೆ ನಿಂತು ನಾನು ಮೈಸೂರಿನ ಅಣ್ಣನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಮಗಳನ್ನು ಕರೆದುಕೊಂಡು ವಾಪಸ್ ಬಂದುಬಿಡು, ಮಹಡಿಯ ಮೇಲಿನ ರೂಮಿನಿಂದ ವಾಷಿಂಗ್ ಮೆಷಿನ್ ತೆಗೆಸಿದರೆ ನಿಮ್ಮಿಬ್ಬರಿಗೂ ಜಾಗವಾಗುತ್ತದೆ ಎಂದು ಅವನು ಹೇಳುತ್ತಿದ್ದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮೂವತ್ತೆಂಟು ವರ್ಷ ಬದುಕಿ ಕೊನೆಗೆ ಒಂದು ವಾಷಿಂಗ್ ಮೆಷಿನ್ನಿನ ಜಾಗಕ್ಕೆ ಬಂದು ನಿಂತೆನಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಫೋನನ್ನು ಬ್ಯಾಗಿಗೆ ತುರುಕಿ ಒಂದು ಮೂಟೆಗೆ ಒರಗಿ ನಿಂತೆ. ಅಷ್ಟರಲ್ಲಿ ಪಕ್ಕದಲ್ಲಿ ತೊಗರಿಬೇಳೆ ನೋಡುತ್ತಿದ್ದ, ಬೂದುಬಣ್ಣದ ಕಾಟನ್ ಸೀರೆಯ ವಯಸ್ಸಾದ ಹೆಂಗಸೊಬ್ಬರು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ನೇರವಾಗಿ ಮಣಿಕಟ್ಟು ಹಿಡಿದರು. ಎದೆಯ ಎಡಕ್ಕೆ ಸೀರೆಗೆ ಪಿನ್ನು ಹಾಕಿ ತಲೆಕೆಳಗಾಗಿ ನೇತುಬಿಟ್ಟಿದ್ದ ಪುಟ್ಟ ಗಡಿಯಾರವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ನಿಂತರು.

“ನೂರಾ ಹನ್ನೆರಡು ಉಂಟು,” ಎಂದರು. “ಕೂತ್ಕೋ ಮಾರಾಯ್ತಿ. ಆ ಮೂಟೆ ಮೇಲೆಯೇ ಕೂತ್ಕೋ.”

ನಾನು ಕೂತೆ. ಅಂಗಡಿಯವನು ಏನೂ ಅನ್ನಲಿಲ್ಲ. ಸಿಸ್ಟರ್ ಎದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನನ್ನ ಕಥೆಯನ್ನು ಅವರಿಗೆ ಅಲ್ಲೇ ಮೂಟೆಯ ಮೇಲೆ ಕೂತು ಹೇಳಿದೆ. ಎರಡು ಸಾಲಿನ ಕಥೆ. ಸಿಂಗಪುರಕ್ಕೆ ಬೇರೆ ಕೆಲಸಕ್ಕೆಂದು ಹೋದ ಗಂಡ ಅಲ್ಲಿ ಬೇರೆ ಸಂಸಾರವನ್ನೂ ನೋಡಿಕೊಂಡ. ಇಲ್ಲಿನ ಕಂಪನಿ ಅವನ ಕೆಲಸದ ಪಾಸು, ಅಂದರೆ ಇಲ್ಲಿರಲು ಕೊಟ್ಟ ವೀಸಾ, ರದ್ದಾಗುವ ದಿನವನ್ನು ತಿಳಿಸಿ ಒಂದು ಕಾಗದ ಕಳಿಸಿತು. ನಾನು ಆ ಪಾಸಿನ ಬಾಲಕ್ಕೆ ಕಟ್ಟಿದ ಡಬ್ಬಿ. ಅದು ಹೋದರೆ ನಾನೂ ಈ ದೇಶ ಬಿಟ್ಟು ಹೋಗಬೇಕು, ಉಳಿದಿರುವುದು ನಾಲ್ಕು ತಿಂಗಳು. ಹದಿಮೂರು ವರ್ಷದ ಮಗಳಿಗೆ ಶಾಲೆಯ ಪಾಸು ಇತ್ತು, ನನಗೆ ಏನೂ ಇರಲಿಲ್ಲ. ಅವಳು ಎರಡು ವರ್ಷದವಳಾಗಿದ್ದಾಗ ಇದೇ ಊರಿನ ಬಾಂಗ್ಸಾರಿನಲ್ಲಿರುವ ನಮ್ಮ ಫ್ಲಾಟಿಗೆ ಬಂದವಳು. ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. “ನಾನು ಮೈಸೂರಿಗೆ ಬರಲ್ಲ” ಎಂಬುದನ್ನು ಮಾತ್ರ ಒಂದಕ್ಷರ ತಪ್ಪಿಲ್ಲದೆ ಕನ್ನಡದಲ್ಲಿ ಹೇಳಿದ್ದಳು.

ನನ್ನ ಬ್ಯಾಗಿನಲ್ಲಿ ಒಂದು ಅರ್ಜಿ ಇತ್ತು. ನಿಲಾಯ್ ಕಡೆಯ ಒಂದು ಕಾಲೇಜಿನಲ್ಲಿ, ಆಗಲೇ ವಿಜ್ಞಾನದ ಡಿಗ್ರಿ ಇರುವವರಿಗೆ ನಾಲ್ಕು ವರ್ಷದ ನರ್ಸಿಂಗ್ ಪದವಿಯನ್ನು ಎರಡೂವರೆ ವರ್ಷದಲ್ಲಿ ಓದಿಸಿ ಮುಗಿಸುವ ಕೋರ್ಸು. ಸೀಟು ಸಿಕ್ಕಿದರೆ ನನ್ನದೇ ಹೆಸರಿನಲ್ಲಿ ವಿದ್ಯಾರ್ಥಿಯ ಪಾಸು ಸಿಗುತ್ತಿತ್ತು. ಅದೊಂದೇ ಬಾಗಿಲು ನನಗೆ ಉಳಿದಿದ್ದದ್ದು. ಸಿಸ್ಟರ್ ಅರ್ಜಿಯನ್ನು ಕಣ್ಣಿಂದ ಮಾರುದೂರ ಹಿಡಿದು ಓದಿದರು. ಉಡುಪಿ ಕಡೆಯಿಂದ ಬಂದು ಇಪ್ಪತ್ತೈದು ವರ್ಷ ಇಲ್ಲಿನ ಕಾಲೇಜು, ವಾರ್ಡುಗಳಲ್ಲಿ ನರ್ಸುಗಳಿಗೆ ಪಾಠ ಹೇಳಿ ರಿಟೈರ್ ಆದವರು ಅವರು. ಡಿಗ್ರಿ ಯಾವಾಗ ಮುಗಿಸಿದ್ದು ಎಂದು ಕೇಳಿದರು. ಹದಿನೇಳು ವರ್ಷವಾಯಿತು, ಸಿಬಿಝಡ್, ಈಗ ಎಲ್ಲ ಮರೆತುಹೋಗಿದೆ ಎಂದೆ. ಮರೆತದ್ದು ಒಳ್ಳೆಯದೇ ಆಯಿತು, ಹೊಸದಾಗಿ ತುಂಬಿಸಬಹುದು ಎಂದರು. ಶನಿವಾರ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರಬೇಕು, ಎಂಟು ಎಂದರೆ ಎಂಟು. ಫೀಸೇನೂ ಬೇಡ, ಬರುವಾಗ ಇಡ್ಲಿ ತಂದರೆ ಸಾಕು. ಇಲ್ಲಿ ಟಪಾವ್ ಎಂದು ಹೋಟೆಲಿನಿಂದ ಕಟ್ಟಿಸಿಕೊಂಡು ಬರುವ ಇಡ್ಲಿ ತಿಂದೂ ತಿಂದೂ ನಾಲಿಗೆ ಸತ್ತುಹೋಗಿದೆ ಎಂದರು.

ಹೀಗೆ ಶುರುವಾಯಿತು. ಬಾಂಗ್ಸಾರಿನಿಂದ ಎಲ್‌ಆರ್‌ಟಿ ರೈಲಿನಲ್ಲಿ ಒಂದೇ ಸ್ಟೇಷನ್. ಇಳಿದು, ಸೀರೆ ಅಂಗಡಿಗಳ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿ. ಲಿಫ್ಟ್ ಇರಲಿಲ್ಲ. ಒಮ್ಮೊಮ್ಮೆ ನಾನು ಬರುವ ಹೊತ್ತಿಗೆ ಅವರೂ ಕೆಳಗಿನಿಂದ ಮಲ್ಲಿಗೆ ಕೊಂಡು ಮೇಲೆ ಹತ್ತುತ್ತಿರುತ್ತಿದ್ದರು. ಪ್ರತಿ ಮಹಡಿಯಲ್ಲೂ ನಿಂತು ಕಿಟಕಿಯಿಂದ ಕೆಳಗಿನ ಹೂವಿನ ಅಂಗಡಿಯನ್ನು ನೋಡುತ್ತಿದ್ದರು. ಈ ವಯಸ್ಸಿನಲ್ಲೂ ಹೂವಿನ ಮೇಲೆ ಎಷ್ಟು ಆಸೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಮೊದಲ ಕಂಟಕ ನನ್ನ ಅಂಕಪಟ್ಟಿಯದು. ನಾನು ಪಾಸಾದ ಸಂಭ್ರಮದಲ್ಲಿ ಅಪ್ಪ ಮೂರೂ ವರ್ಷದ ಅಂಕಪಟ್ಟಿಗಳನ್ನು ಲ್ಯಾಮಿನೇಶನ್ ಮಾಡಿಸಿದ್ದರು. ನಮ್ಮ ಕಡೆ ಮಕ್ಕಳ ಸರ್ಟಿಫಿಕೇಟಿನ ಮೇಲೆ ಅಪ್ಪಂದಿರು ತೋರಿಸುವ ಪ್ರೀತಿ ಇದೇ ತಾನೇ. ಈಗ ನೋಡಿದರೆ ಅದರ ಹಿಂಬದಿಗೆ ದೃಢೀಕರಣದ ಮೊಹರು ಬೀಳಬೇಕು, ಪ್ಲಾಸ್ಟಿಕ್ಕಿನ ಮೇಲೆ ಮೊಹರು ಹಾಕುವುದಿಲ್ಲ ಎಂದು ನಮ್ಮ ರಾಯಭಾರ ಕಚೇರಿಯವರು ವಾಪಸ್ ಕಳಿಸಿದರು. ಹೊಸ ಪ್ರತಿ ತರಿಸಲು ಮೈಸೂರಿನಲ್ಲಿ ಮೂರು ತಿಂಗಳು ಎಂದರು. ನಾನು ಸಿಸ್ಟರ್ ಮನೆಯ ನೆಲದ ಮೇಲೆ ಕೂತು ಮಕ್ಕಳ ಹಾಗೆ ಅತ್ತೆ. ಅವರು ಕೈ ತೊಳೆದುಕೊಂಡು ಬಂದರು. ಏನಾದರೂ ಮುಖ್ಯವಾದ ಕೆಲಸವಿದ್ದರೆ, ಅದು ಬರೀ ಮಾತೇ ಆಗಿದ್ದರೂ, ಮೊದಲು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಯುವುದು ಅವರ ಪದ್ಧತಿ. ಕೂದಲು ಒಣಗಿಸುವ ಮೆಷಿನ್ನನ್ನು ಸಣ್ಣ ಬಿಸಿಗೆ ಇಟ್ಟು, ಗಾಯದ ಪಟ್ಟಿ ಬಿಚ್ಚುವ ಹಾಗೆ, ಮೂಲೆಯಿಂದ ಒಂದೊಂದೇ ಎಳೆಯಾಗಿ ಪ್ಲಾಸ್ಟಿಕ್ ಬಿಡಿಸಿದರು. ಎರಡು ಗಂಟೆ ಹಿಡಿಯಿತು. ಒಂದು ಅಕ್ಷರವೂ ಕಿತ್ತುಬರಲಿಲ್ಲ. ಕೊನೆಯ ಪಟ್ಟಿ ಕೈಗೆ ಕೊಡುವಾಗ ರಸಾಯನಶಾಸ್ತ್ರದಲ್ಲಿ ಬಂದಿದ್ದ ಅಂಕ ನೋಡಿ, ಇದಕ್ಕೆಲ್ಲ ನಿನ್ನ ತಂದೆ ಲ್ಯಾಮಿನೇಶನ್ ಬೇರೆ ಮಾಡಿಸಿದರಾ ಎಂದು ಕೇಳಿದರು.

ಪಾಠ ಅಂದರೆ ಪುಸ್ತಕ ಅಂದುಕೊಂಡಿದ್ದೆ. ಮೊದಲ ಮೂರು ಶನಿವಾರ ಪುಸ್ತಕ ತೆಗೆಯಲೇ ಇಲ್ಲ. ಮಂಚ ತೋರಿಸಿ ಮಲಗು ಎಂದರು. ಪೇಷಂಟ್ ಆಗಲು ಬಾರದವಳು ನರ್ಸ್ ಆಗುವುದು ಬೇಡ ಎಂದರು. ನನ್ನನ್ನು ಮಗ್ಗುಲಿಗೆ ಹೊರಳಿಸಿದರು, ನಾನು ಮಲಗಿದ್ದ ಹಾಗೇ ಕೆಳಗಿನ ಹಾಸಿಗೆಯ ಬಟ್ಟೆ ಬದಲಿಸಿದರು, ಮಲಗಿದಲ್ಲೇ ಚಮಚದಲ್ಲಿ ಇಡ್ಲಿ ತಿನ್ನಿಸಿದರು. ಒಂದು ದಿನ ನೀರಿನ ಲೋಟವನ್ನು ನನ್ನ ಕೈಗೆ ಎಟುಕದಷ್ಟು ದೂರದಲ್ಲಿಟ್ಟು, ಏಳಬಾರದು ಎಂದು ಹೇಳಿ, ಆಚೆ ಹೋಗಿ ಪೇಪರ್ ಓದುತ್ತ ಕೂತುಬಿಟ್ಟರು. ಅರ್ಧ ಗಂಟೆಯಾದರೂ ಬರಲಿಲ್ಲ. ನನಗೆ ಬಾಯಾರಿಕೆ ಇರಲಿಲ್ಲ, ಆದರೂ ಆ ಲೋಟವನ್ನು ನೋಡಿ ನೋಡಿ ಬಾಯಿ ಒಣಗಿತು. ಆಮೇಲೆ ಬಂದು, ಆ ಅರ್ಧ ಗಂಟೆಯಲ್ಲಿ ನರ್ಸಿನ ಮೇಲೆ ಎಷ್ಟು ಸಿಟ್ಟು ಬಂತು ಎಂದು ಕೇಳಿದರು. ಬಹಳ ಬಂತು ಎಂದೆ. ಮರೆಯಬೇಡ ಎಂದರು, ಅಷ್ಟೇ ಆ ದಿನದ ಪಾಠ.

ಇನ್ನೊಂದು ಅಭ್ಯಾಸ ಚಾರ್ಟು ಬರೆಯುವುದು. ಪೇಷಂಟಿನ ಹೊಟ್ಟೆಗೆ ಏನು ಹೋಯಿತು, ಎಷ್ಟು ಹೋಯಿತು, ಯಾವ ಹೊತ್ತಿಗೆ ಹೋಯಿತು ಎಂದು ತಪ್ಪದೆ ಬರೆದಿಡಬೇಕು. ಅಭ್ಯಾಸಕ್ಕೆ ಪೇಷಂಟು ಎಲ್ಲಿಂದ ತರುವುದು ಎಂದು ಕೇಳಿದ್ದಕ್ಕೆ, ನನ್ನದೇ ಬರೆ ಎಂದರು. ಹಾಗಾಗಿ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ, ಹೋದ ದಿನವೆಲ್ಲ, ಅವರ ಬೆಳಗಿನ ತಿಂಡಿಯನ್ನು ಬರೆಯುತ್ತ ಬಂದೆ. ಶನಿವಾರ, ಎಂಟೂ ಕಾಲು: ಇಡ್ಲಿ ಒಂದೂವರೆ, ಕಾಫಿ ಅರ್ಧ ಲೋಟ. ಭಾನುವಾರ, ಎಂಟೂ ಇಪ್ಪತ್ತು: ಇಡ್ಲಿ ಒಂದೂವರೆ, ನೀರು ಒಂದು ಲೋಟ. ಎರಡನೇ ಇಡ್ಲಿಯ ನಡುವಿಗೆ ಬಂದಾಗ ಅಂಗೈ ಅಡ್ಡ ಹಿಡಿದು “ಸಾಕು” ಅನ್ನುತ್ತಿದ್ದರು. ನಾನು ತಟ್ಟೆ ತೆಗೆಯುತ್ತಿದ್ದೆ. ಎಷ್ಟು ಮಿತವಾದ ಊಟ, ಅದಕ್ಕೇ ಈ ವಯಸ್ಸಿನಲ್ಲೂ ಕಡ್ಡಿಯ ಹಾಗೆ ನೆಟ್ಟಗಿದ್ದಾರೆ ಎಂದು ಮನೆಗೆ ಬಂದು ಮಗಳಿಗೆ ಹೇಳಿದ್ದೂ ಉಂಟು. ಬರೆದು ಮುಗಿಸಿ ನೋಟ್‌ಬುಕ್ ಮುಚ್ಚಿದಾಗಲೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: “ಬರೆದದ್ದು ಓದದಿದ್ರೆ ಬರೆದು ಎಂತಕ್ಕೆ?” ವಾರ್ಡುಗಳಲ್ಲಿ ಚಾರ್ಟು ತುಂಬಿಸಿ ಮಡಚಿಡುವ ಸೋಮಾರಿ ನರ್ಸುಗಳನ್ನು ಬೈಯುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಸಂದರ್ಶನದ ತಾಲೀಮು ಶುರುವಾದಾಗ ನಮ್ಮಿಬ್ಬರಿಗೂ ಜಟಾಪಟಿ ಹತ್ತಿತು. ಮೂವತ್ತೆಂಟನೇ ವಯಸ್ಸಿನಲ್ಲಿ ನರ್ಸ್ ಯಾಕಾಗಬೇಕು ಎಂದು ಕೇಳೇ ಕೇಳುತ್ತಾರೆ. ಸೇವೆ ಮಾಡುವ ಆಸೆ ಎಂದೆ. ಸೇವೆ ಮಾಡಲಿಕ್ಕೆ ದೇವಸ್ಥಾನವಿದೆ, ಹೋಗಿ ಪಾತ್ರೆ ತೊಳಿ ಎಂದರು. ಚಿಕ್ಕಂದಿನಿಂದ ಕನಸಾಗಿತ್ತು ಎಂದೆ. ಹಾಗಾದರೆ ಇಷ್ಟು ವರ್ಷ ಏನು ನಿದ್ದೆ ಮಾಡುತ್ತಿದ್ದೆಯಾ ಎಂದರು. ಆರೇಳು ಉತ್ತರ ಬಿದ್ದವು. ಕೊನೆಗೆ ನನಗೆ ರೇಗಿಹೋಯಿತು.

“ಪಾಸಿಗೋಸ್ಕರ ಸಿಸ್ಟರ್,” ಎಂದೆ. “ಇನ್ನೇನಿಲ್ಲ. ನಂಗೆ ಇಲ್ಲಿರೋದಕ್ಕೆ ನಂದೇ ಅಂತ ಒಂದು ಕಾರಣ ಬೇಕು. ಇನ್ನೊಬ್ಬರು ಕ್ಯಾನ್ಸಲ್ ಮಾಡಕ್ಕಾಗದೇ ಇರೋ ಅಂಥದ್ದು.”

ಅವರು ಅರ್ಜಿಯನ್ನು ನನ್ನ ಕಡೆ ಸರಿಸಿದರು. ಇದು ಮೊದಲನೇ ಸತ್ಯ, ಎರಡನೆಯದು ಸಿಕ್ಕಿದ ದಿನ ಹೇಳು ಎಂದರು.

ಎರಡನೆಯದು ಸಿಕ್ಕಿದ್ದು ನನ್ನ ತಪ್ಪಿನಿಂದ. ಅರ್ಜಿಯ ಜೊತೆ, ವಯಸ್ಸಾದವರನ್ನು ನೋಡಿಕೊಳ್ಳುವ ಯಾವುದಾದರೂ ಮನೆಯಲ್ಲಿ ನಲವತ್ತು ಗಂಟೆ ಕೆಲಸ ಮಾಡಿ ಅಲ್ಲಿಯ ಮೇಲ್ವಿಚಾರಕಿಯ ಸಹಿ ತರಬೇಕಿತ್ತು. ನಿಲಾಯ್ ದಾರಿಯಲ್ಲಿ ಅಂಥದೊಂದು ಮನೆಗೆ ವಾರಕ್ಕೆ ಎರಡು ದಿನ ರೈಲಿನಲ್ಲಿ ಹೋಗುತ್ತಿದ್ದೆ. ಅಲ್ಲಿ ಒಬ್ಬ ಮಲಾಯ್ ಅಜ್ಜಿ ಇದ್ದರು. ಎಲ್ಲರೂ ಅವರನ್ನು ಮಕ್ಚಿಕ್ ಅನ್ನುತ್ತಿದ್ದರು, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ನನಗೆ ಮಲಾಯ್ ಭಾಷೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು. ಒಂದು ಮಧ್ಯಾಹ್ನ ಅವರಿಗೆ ಗಂಜಿ ಕುಡಿಸುತ್ತಿದ್ದೆ. ನಾಲ್ಕು ಚಮಚ ಆಗುವಷ್ಟರಲ್ಲಿ ಮುಖ ತಿರುಗಿಸಿ ಏನೋ ಅಂದರು. ನನ್ನ ಕಿವಿಗೆ ಬಿದ್ದದ್ದು “ಸಾಕಿ... ಸಾಕಿ...” ಎಂದು. ಪಾಪ, ಸಾಕು ಅನ್ನುತ್ತಿದ್ದಾರೆ ಎಂದು ಬಟ್ಟಲು ತೆಗೆದೆ, ಬಾಯಿ ಒರೆಸಿದೆ, ಹೊದಿಕೆಯನ್ನು ಕಾಲಿನವರೆಗೆ ಚೆನ್ನಾಗಿ ಹೊದಿಸಿ, ಮಲಗಿ ಎಂದು ಸನ್ನೆ ಮಾಡಿ ಬಂದುಬಿಟ್ಟೆ. ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಅವರು ಅಂದದ್ದು ಸಾಕಿತ್. ಆ ಭಾಷೆಯಲ್ಲಿ ಹಾಗೆಂದರೆ ನೋವು. ಕೊನೆಯ ಅಕ್ಷರವನ್ನು ಅವರು ನುಂಗಿಬಿಡುತ್ತಾರೆ, ಅದು ನನಗೆ ಕೇಳಿಸಿರಲಿಲ್ಲ. ಅವರ ಪಾದ ಮಂಚದ ಪಕ್ಕದ ಕಂಬಿಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡಿತ್ತು. ಅದರ ಮೇಲೆಯೇ ನಾನು ಹೊದಿಕೆ ಹೊದಿಸಿ ಬಂದಿದ್ದೆ. ಒಂದು ಗಂಟೆಯ ನಂತರ ಅಲ್ಲಿನ ಇನ್ನೊಬ್ಬ ಕೆಲಸದವಳು ಬಂದು ನೋಡುವಾಗ ಪಾದ ಊದಿ ಕಪ್ಪಾಗಿತ್ತು. ಆ ಒಂದು ಗಂಟೆ ಆ ಮುದುಕಿ ನೋವು ನೋವು ಎಂದು ಹೇಳುತ್ತಲೇ ಇದ್ದರಂತೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ನನಗೂ ಅದು ಕೇಳಿಸುತ್ತಿತ್ತು. ಎಷ್ಟು ಸಲ ಸಾಕು ಅನ್ನುತ್ತಾರಪ್ಪ, ನಾನು ಮತ್ತೆ ಕೊಡುತ್ತಿಲ್ಲವಲ್ಲ ಎಂದುಕೊಂಡಿದ್ದೆ.

ಮೇಲ್ವಿಚಾರಕಿ ಕೂಗಾಡಲಿಲ್ಲ. ಸಹಿ ಹಾಕುವುದಿಲ್ಲ, ನಾಳೆಯಿಂದ ಬರುವುದೂ ಬೇಡ ಎಂದರು. ಅರ್ಜಿ ಸೇರಲು ಮೂರು ವಾರ ಉಳಿದಿತ್ತು. ರೈಲಿನಲ್ಲಿ ವಾಪಸ್ ಬರುವಾಗ, ಅಣ್ಣನಿಗೆ ಫೋನ್ ಮಾಡಿ ವಾಷಿಂಗ್ ಮೆಷಿನ್ ತೆಗೆಸಲು ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ನಾನು ಯಾವುದಕ್ಕೂ ಲಾಯಕ್ಕಿಲ್ಲದವಳು, ಗಂಡ ಅದನ್ನು ಬೇಗ ಕಂಡುಕೊಂಡ ಎಂದೂ ಅನ್ನಿಸಿತು. ಮನೆಗೆ ಹೋಗಲು ಧೈರ್ಯವಾಗದೆ ಸಿಸ್ಟರ್ ಮನೆಯ ಮೆಟ್ಟಿಲು ಹತ್ತಿದೆ.

ಅವರು ಎಲ್ಲವನ್ನೂ ಕೇಳಿ ಕೈ ತೊಳೆದುಕೊಂಡು ಬಂದರು. ನಿನ್ನ ಕಿವಿಗೆ ಏನು ಕೇಳಿಸಿತು, ಅದನ್ನು ಮಾತ್ರ ಹೇಳು ಎಂದರು. ಸಾಕು ಎಂದು ಕೇಳಿಸಿತು ಎಂದೆ. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ತಾವು ಈ ದೇಶಕ್ಕೆ ಬಂದ ಮೊದಲ ವಾರ ಒಂದಿಡೀ ವಾರ್ಡನ್ನು ಅರೆಹೊಟ್ಟೆಯಲ್ಲಿ ಇರಿಸಿದ ಕಥೆ ಹೇಳಿದರು. ಆಪರೇಷನ್ ಆದವರೆಲ್ಲ ಸಾಕಿತ್ ಸಾಕಿತ್ ಅನ್ನುತ್ತಿದ್ದರಂತೆ, ಇವರು ಒಬ್ಬೊಬ್ಬರದೇ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದರಂತೆ. ಇದು ಬೇರೆ ಯಾರೂ ಮಾಡುವ ತಪ್ಪಲ್ಲ, ಕನ್ನಡದ ಕಿವಿ ಇದ್ದವರು ಮಾತ್ರ ಮಾಡುವ ತಪ್ಪು ಎಂದರು. ಆಮೇಲೆ ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಸಾಕು ಅಂದ್ರೂ ಸಾಕಿತ್ ಅಂದ್ರೂ ಮೊದಲು ಮಾಡುದು ಒಂದೇ. ಕೈ ನಿಲ್ಸು. ಮುಖ ನೋಡು. ಮತ್ತೆ ಕೇಳು, ಎಲ್ಲಿ ಅಂತ. ನೀನು ಕೈ ನಿಲ್ಸಿದ್ದಿ. ಮುಖ ನೋಡ್ಲಿಲ್ಲ, ಎಲ್ಲಿ ಅಂತ ಕೇಳ್ಲಿಲ್ಲ.”

ಮರುದಿನ ನನ್ನನ್ನು ಕರೆದುಕೊಂಡು ರೈಲು ಹತ್ತಿದರು. ಮೇಲ್ವಿಚಾರಕಿಯ ಕೋಣೆಯ ಮುಂದೆ ನಿಲ್ಲದೆ ನೇರವಾಗಿ ಮಕ್ಚಿಕ್ ಮಂಚದ ಹತ್ತಿರ ಹೋದರು. ಕ್ಷಮೆ ಕೇಳುವುದಿದ್ದರೆ ನೋವಾದವರನ್ನು ಕೇಳು ಎಂದರು. ನಾನು ಹರುಕುಮುರುಕು ಮಲಾಯ್‌ನಲ್ಲಿ ಕೇಳಿದೆ, ಊದಿದ ಪಾದಕ್ಕೆ ಕೈ ಮುಟ್ಟಿಸಿದೆ. ಆ ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿ, ಕೈಯೆತ್ತಿ ಗಂಜಿಯ ಬಟ್ಟಲನ್ನು ತೋರಿಸಿದರು. ಕುಡಿಸಿದೆ. ಪ್ರತಿ ಚಮಚಕ್ಕೂ ಮುಖ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕಿ ಕೊನೆಗೆ, ಹಿಂದೆ ಮಾಡಿದ ಗಂಟೆಗಳೆಲ್ಲ ಹೋದವು, ನಲವತ್ತನ್ನೂ ಮೊದಲಿನಿಂದ ಮಾಡಬೇಕು ಎಂದರು. ಆ ಮೂರು ವಾರ ದಿನಾ ಹೋದೆ, ಶನಿವಾರ ಭಾನುವಾರ ಸಿಸ್ಟರ್ ಮನೆಯಿಂದಲೇ ನೇರವಾಗಿ. ಮಗಳು ತನ್ನ ಬಟ್ಟೆ ತಾನೇ ಒಗೆದುಕೊಂಡಳು, ಇಲ್ಲಿ ಮಮಾಕ್ ಅನ್ನುವ ತಮಿಳು ಮುಸ್ಲಿಮರ ಹೋಟೆಲಿನಿಂದ ರೊಟ್ಟಿ ಕಟ್ಟಿಸಿಕೊಂಡು ಬಂದು ತಿಂದಳು. “ಯು ಬೆಟರ್ ಗೆಟ್ ಇನ್ ಲಾ, ಅಮ್ಮಾ,” ಎಂದು ಒಂದು ದಿನ ನನ್ನ ಕಾಲು ಒತ್ತುತ್ತ, ಇಲ್ಲಿನವರ ಹಾಗೆ ಮಾತಿಗೊಂದು ಲಾ ಸೇರಿಸಿ ಹೇಳಿದಳು. ಅವಳಿಗೂ ಎಷ್ಟು ಹೆದರಿಕೆಯಿತ್ತು ಎಂದು ಆಗ ಗೊತ್ತಾಯಿತು. ಅರ್ಜಿ ಕೊನೆಯ ದಿನ ಸೇರಿತು.

ಸಂದರ್ಶನದಲ್ಲಿ ಮೂವರಿದ್ದರು. ಯಾಕೆ ನರ್ಸ್ ಎಂದು ಅವರು ಕೇಳಿದಾಗ, ಮೊದಲು ಪಾಸಿಗಾಗಿ ಬಂದೆ ಎಂದು ಹೇಳಿಬಿಟ್ಟೆ. ಆಮೇಲೆ ಮಕ್ಚಿಕ್ ಪಾದದ ಕಥೆ ಹೇಳಿದೆ. ಒಬ್ಬರು ನನ್ನ ಮುಂದೆಯೇ ನೋವು ಎಂದು ಹೇಳುತ್ತಿದ್ದರೂ ನನಗೆ ಕೇಳಿಸದೆ ಹೋಯಿತು, ಅದು ಇನ್ನೊಮ್ಮೆ ಆಗಬಾರದು, ಅದಕ್ಕಾಗಿ ಈಗ ಬಂದಿದ್ದೇನೆ ಎಂದೆ. ನಡುವೆ ಕೂತಿದ್ದ ಮಲಾಯ್ ಮೇಡಂ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಏನೋ ಬರೆದುಕೊಂಡರು. ಹೊರಗೆ ಬಂದಾಗ ನನ್ನ ಪಾಸಿಗೆ ಒಂದು ತಿಂಗಳು ಉಳಿದಿತ್ತು. ಉತ್ತರ ಬರಲಿಲ್ಲ. ಒಂದು ವಾರ ಬರಲಿಲ್ಲ. ನಾನು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಗಳಿಗೆ ತುಂಬಲು ಶುರುಮಾಡಿದೆ.

ಹನ್ನೆರಡನೇ ದಿನ, ಒಂದು ಶುಕ್ರವಾರದ ಸಂಜೆ, ಈಮೇಲ್ ಬಂತು. ಸೀಟು ಸಿಕ್ಕಿತ್ತು. ಮಗಳು ಓದಿ ಹೇಳಿದಳು, ನನ್ನ ಕಣ್ಣಿಗೆ ಅಕ್ಷರವೇ ಕಾಣುತ್ತಿರಲಿಲ್ಲ. ಇಬ್ಬರೂ ರಟ್ಟಿನ ಡಬ್ಬಗಳ ನಡುವೆ ಕೂತು ಅತ್ತೆವು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಸಿಸ್ಟರ್ ಮನೆಯಲ್ಲಿದ್ದೆ. ವಿಷಯ ಹೇಳಿದೆ. ಒಳ್ಳೆಯದಾಯಿತು, ಬಿಳಿ ಶೂ ಒಂದು ನಂಬರ್ ದೊಡ್ಡದು ತಗೋ, ಸಂಜೆಗೆ ಕಾಲು ಊದುತ್ತದೆ ಎಂದರು. ಹೊಗಳಿಕೆ ಅಷ್ಟಕ್ಕೇ ಮುಗಿಯಿತು. ತಟ್ಟೆಯಲ್ಲಿ ಇಡ್ಲಿ ಹಾಕಿಕೊಟ್ಟೆ, ಖುಷಿಯಲ್ಲಿ ಮಾತಾಡುತ್ತಲೇ ಇದ್ದೆ. ಅವರು ಎರಡು ತುತ್ತು ತಿಂದು ಅಂಗೈ ಅಡ್ಡ ಹಿಡಿದರು.

“ಸಾಕು.”

ಅಭ್ಯಾಸದಂತೆ ತಟ್ಟೆಗೆ ಕೈ ಹಾಕಿದೆ. ಮೂರು ವಾರ ಮಕ್ಚಿಕ್ ಮುಂದೆ ಚಮಚ ಹಿಡಿದ ಕೈ ಅದು, ತಾನಾಗಿಯೇ ನಿಂತಿತು. ಮುಖ ನೋಡಿದೆ. ಮೂರೂವರೆ ತಿಂಗಳಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ಕೆನ್ನೆ ಬತ್ತಿಹೋಗಿತ್ತು. ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು. ಮೇಲ್ದುಟಿಯ ಮೇಲೆ ಸಣ್ಣಗೆ ಬೆವರು.

“ಎಲ್ಲಿ, ಸಿಸ್ಟರ್?” ಎಂದೆ.

ಅವರು ನನ್ನ ಕೈಯನ್ನು ಎತ್ತಿ ಸೀರೆಯ ಮೇಲೆಯೇ ಪಕ್ಕೆಲುಬಿನ ಕೆಳಗೆ ಇಟ್ಟುಕೊಂಡರು. ಅಲ್ಲಿ ಮೋಸಂಬಿಯಷ್ಟು ದಪ್ಪಕ್ಕೆ ಗಟ್ಟಿಯಾಗಿ ಏನೋ ಇತ್ತು. 

“ಎಲ್ಲಿ ಅಂತ ಆಯ್ತು. ಎಷ್ಟು ದಿನದಿಂದ ಅಂತ ಕೇಳ್ಬೇಕು,” ಎಂದರು. “ಕೇಳುದು ಬೇಡ. ನಿನ್ನ ಪುಸ್ತಕ ತೆಗಿ.”

ನೀಲಿ ನೋಟ್‌ಬುಕ್ ತೆಗೆದೆ. ಒಂದೂವರೆ. ಒಂದೂವರೆ. ಒಂದೂಕಾಲು. ಒಂದು. ಒಂದು. ಮುಕ್ಕಾಲು. ಅರ್ಧ, ಕಾಫಿ ಬೇಡ ಎಂದರು. ಅರ್ಧ. ಎಲ್ಲ ನನ್ನದೇ ಗುಂಡು ಅಕ್ಷರ, ಹೊತ್ತು ಸಮೇತ, ಒಂದು ದಿನ ತಪ್ಪಿಲ್ಲ. ಮೂರೂವರೆ ತಿಂಗಳು ಅವರು ನನ್ನ ಎದುರಿಗೆ ಕೂತು ನನ್ನ ಕೈಯಿಂದಲೇ ಬರೆಸಿದ್ದರು. ನಾನು ಒಂದು ಸಲವೂ ಹಿಂದಿನ ಪುಟ ತಿರುಗಿಸಿರಲಿಲ್ಲ. ಬೇರೆಯವರ ನೋವು ಕೇಳಿಸಬೇಕು ಎಂದು ಮೂರು ಜನರ ಮುಂದೆ ಭಾಷಣ ಬಿಗಿದು ಸೀಟು ಗಿಟ್ಟಿಸಿಕೊಂಡು ಬಂದಿದ್ದೆನಲ್ಲ, ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ.

ಯಾಕೆ ಹೇಳಲಿಲ್ಲ ಎಂದು ಅಳುತ್ತ ಕೇಳಿದೆ. ನಾನು ಅಕ್ಕಿ ಮೂಟೆಯ ಮೇಲೆ ಕೂತ ದಿನ ಅವರು ಡಾಕ್ಟರ ಹತ್ತಿರದಿಂದಲೇ ಬರುತ್ತಿದ್ದರಂತೆ. ಆಪರೇಷನ್ ಮಾಡಿದರೂ ಹೆಚ್ಚು ಉಪಯೋಗವಿಲ್ಲ ಎಂದು ಅಲ್ಲಿ ಹೇಳಿದ್ದರು, ಬೇಡ ಎಂದು ಇವರೂ ಹೇಳಿ ಬಂದಿದ್ದರು. ಹೇಳಿದ್ದರೆ ನೀನು ಓದುತ್ತಿದ್ದೆಯಾ, ನನ್ನ ಮುಖ ನೋಡಿಕೊಂಡು ಕೂರುತ್ತಿದ್ದೆಯಾ ಎಂದರು. ಮುಖವನ್ನೂ ನೋಡಲಿಲ್ಲವಲ್ಲ ಸಿಸ್ಟರ್ ಎಂದೆ. ಅದಕ್ಕೆ ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

“ಈಗ ಕೇಳಿದಿಯಲ್ಲ. ಕಲ್ತದ್ದು ಸೀಟು ಸಿಕ್ಕಿದ ಮೇಲೆ ಆದ್ರೂ ಆಗ್ತದೆ.”

ಆಮೇಲೆ ಅವರಿದ್ದದ್ದು ಎರಡೂವರೆ ತಿಂಗಳು. ಕೊನೆಯ ಮೂರು ವಾರ ಆಸ್ಪತ್ರೆಯಲ್ಲಿ. ನನ್ನ ತರಗತಿಗಳು ಶುರುವಾಗಿದ್ದವು. ಮಧ್ಯಾಹ್ನ ಬಿಟ್ಟ ಕೂಡಲೇ ಬಿಳಿ ಶೂ ಹಾಕಿಕೊಂಡೇ ನಿಲಾಯ್‌ನಿಂದ ರೈಲು ಹಿಡಿದು ಬರುತ್ತಿದ್ದೆ. ಗಂಜಿ ಕುಡಿಸುವುದು ನನ್ನ ಕೆಲಸ. ಅವರು ಸಾಕು ಅಂದ ಕೂಡಲೇ ಆ ವಾರ್ಡಿನ ಮಲಾಯ್ ಹುಡುಗಿ ನರ್ಸ್ ಓಡಿಬಂದು, ಸಾಕಿತ್, ಸಾಕಿತ್ ಎಂದು ಕೇಳಿ ನೋವಿನ ಮದ್ದು ತರಲು ಹೊರಡುತ್ತಿದ್ದಳು. ನಾನು ಬಿಡಿಸಿ ಹೇಳಬೇಕಾಗುತ್ತಿತ್ತು. ಈ ದೇಶಕ್ಕೆ ಬಂದ ಮೊದಲ ವಾರ ತಾವು ತಟ್ಟೆ ಕಸಿದುಕೊಂಡವರೆಲ್ಲ ಈಗ ಮದ್ದು ಕಳಿಸುತ್ತಿದ್ದಾರೆ ಎಂದು ಸಿಸ್ಟರ್ ಕಷ್ಟಪಟ್ಟು ನಕ್ಕರು. ನಾನು ಮಾತ್ರ ಪ್ರತಿ ಸಲವೂ ಕೈ ನಿಲ್ಲಿಸಿ, ಮುಖ ನೋಡಿ, ಎಲ್ಲಿ ಎಂದು ಕೇಳುತ್ತಿದ್ದೆ. ಒಮ್ಮೆ ಬೆನ್ನು ತೋರಿಸುತ್ತಿದ್ದರು, ಒಮ್ಮೆ ಹೊಟ್ಟೆ, ಒಮ್ಮೆ ಡ್ರಿಪ್ ಹಾಕಿದ ಕೈ. ದಿಂಬು ಸರಿಸುತ್ತಿದ್ದೆ, ಹೊರಳಿಸುತ್ತಿದ್ದೆ, ಆ ಹುಡುಗಿಯನ್ನು ಕರೆಯುತ್ತಿದ್ದೆ.

ಕೊನೆಯ ಬುಧವಾರ ಅವರು ಎರಡು ಚಮಚ ಗಂಜಿ ಕುಡಿದರು. ಮೂರನೆಯದಕ್ಕೆ ಅಂಗೈ ಎತ್ತಲು ನೋಡಿದರು, ಆಗಲಿಲ್ಲ, ಬೆರಳು ಮಾತ್ರ ಅಲ್ಲಾಡಿತು. ಸಾಕು ಎಂದರು. ಕೈ ನಿಲ್ಲಿಸಿದೆ. ಮುಖ ನೋಡಿದೆ. ಮುಖದಲ್ಲಿ ನೋವು ಇರಲಿಲ್ಲ. ಆದರೂ ಕೇಳಿದೆ, ಎಲ್ಲಿ ಸಿಸ್ಟರ್ ಎಂದು.

“ಎಲ್ಲಿಯೂ ಇಲ್ಲ ಮಾರಾಯ್ತಿ,” ಎಂದರು. “ಇದು ನಮ್ಮ ಸಾಕು.”

ಬಟ್ಟಲನ್ನು ಕೆಳಗಿಟ್ಟೆ. ನೀಲಿ ನೋಟ್‌ಬುಕ್ ತೆಗೆದು, ಬುಧವಾರ, ನಾಲ್ಕೂ ಹತ್ತು, ಗಂಜಿ ಎರಡು ಚಮಚ ಎಂದು ಬರೆದೆ. ಆಮೇಲೆ ಮೊದಲ ಪುಟದಿಂದ ಓದಿದೆ.